ದೇವರಿಗೆಂದು ಎತ್ತಿಟ್ಟ ಹೊತ್ತು

ಕರಾವಳಿಯ ಕೊಂಕಣಿ ಕ್ಯಾಥೊಲಿಕರ ಮನೆಗಳಲ್ಲಿ ಮುಸ್ಸಂಜೆಗೆ ಇಗರ್ಜಿಯ ಗಂಟೆ ಕೇಳಿಸಿತೆಂದರೆ ಅಂಗಳದ ಆಟ ಅಲ್ಲಿಗೇ ನಿಲ್ಲುತ್ತಿತ್ತು. ಅದು ಆಮೋರಿಯ ಹೊತ್ತು. ಮಕ್ಕಳು ಕೈಕಾಲು ತೊಳೆದು ಒಳಗೆ ಬರುತ್ತಿದ್ದರು. ಗೋಡೆಯ ಅಲ್ತಾರಿನ ಮುಂದೆ ಮೇಣದ ಬತ್ತಿ ಹಚ್ಚಿ, ಮನೆಮಂದಿಯೆಲ್ಲ ಮೊಣಕಾಲೂರಿ ತೇರ್ಸ್, ಅಂದರೆ ಜಪಸರ, ಹೇಳಬೇಕು. ನಾಲ್ಕನೆಯ ಹತ್ತು ಮಣಿಗೆ ಬರುವಷ್ಟರಲ್ಲಿ ಚಿಕ್ಕವರ ತಲೆ ತೂಗಲು ಶುರುವಾಗುತ್ತಿತ್ತು. ಅಜ್ಜಿ ಬಲಗೈಯ ಮಣಿ ಬಿಡದೆಯೇ ಎಡಗೈಯಿಂದ ಮೊಮ್ಮಗನ ಬೆನ್ನು ತಟ್ಟುತ್ತಿದ್ದರು. ಜಪ ಮುಗಿದು, ಹಿರಿಯರ ಮುಂದೆ ಕೈಮುಗಿದು ಬೆಸಾಂವ್ ಬೇಡಿ, ಅವರ ಆಶೀರ್ವಾದ ಪಡೆದ ಮೇಲೆಯೇ ಊಟ. ಇಂದಿಗೂ ಈ ಕ್ರಮವನ್ನು ಬಿಡದ ಮನೆಗಳಿವೆ.

ಆ ಅರ್ಧ ಗಂಟೆಗೆ ನಿನಗೆ ಮನಸ್ಸಿದೆಯೇ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಹೊತ್ತಾಯಿತು, ಕೂತರು, ಅಷ್ಟೆ. ಕ್ರೈಸ್ತರ ನಿತ್ಯ ಪ್ರಾರ್ಥನೆಯ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಗಟ್ಟಿಯಾದ ನಂಬಿಕೆಯೂ ಇದೇ. ಮನಸ್ಸು ಬಂದಾಗ ಪ್ರಾರ್ಥಿಸೋಣ ಎಂದವರಿಗೆ ಆ ಮನಸ್ಸು ಬರುವುದು ಅಪರೂಪ. ಹೊತ್ತನ್ನು ಮೊದಲು ಗೊತ್ತುಮಾಡಿಕೊಂಡವರಿಗೆ ಮನಸ್ಸು ತಡವಾಗಿಯಾದರೂ ಬಂದು ಸೇರಿಕೊಳ್ಳುತ್ತದೆ.

ಯೆಹೂದ್ಯರಿಂದ ಬಂದ ಬಳುವಳಿ

ದಿನವನ್ನು ಪ್ರಾರ್ಥನೆಯ ಹೊತ್ತುಗಳಾಗಿ ಹಂಚಿಕೊಳ್ಳುವುದನ್ನು ಕ್ರೈಸ್ತರು ಹೊಸದಾಗಿ ಕಂಡುಹಿಡಿಯಲಿಲ್ಲ. ಪರದೇಶದಲ್ಲಿ ಸೆರೆಯಾಳಾಗಿದ್ದ ದಾನಿಯೇಲನು ಯೆರೂಸಲೇಮಿನ ದಿಕ್ಕಿಗೆ ತೆರೆದ ಕಿಟಕಿಯ ಮುಂದೆ ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. ಸತ್ಯವೇದದ 55ನೆಯ ಕೀರ್ತನೆ ಸಂಜೆ, ಬೆಳಗು, ನಡುಹಗಲು ಎಂದು ಮೂರು ಹೊತ್ತು ಹೇಳುತ್ತದೆ. 119ನೆಯದು ದಿನಕ್ಕೆ ಏಳು ಸಲ ಎನ್ನುತ್ತದೆ.

ಯೇಸುವಿನ ಬಗ್ಗೆ ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಒಂದು ಪುಟ್ಟ ಚಿತ್ರವಿದೆ. ಹಿಂದಿನ ಸಂಜೆ ಕಪೆರ್ನೌಮಿನಲ್ಲಿ ರೋಗಿಗಳನ್ನು ಹೊತ್ತುಕೊಂಡು ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು. ಮರುದಿನ ಇನ್ನೂ ಕತ್ತಲಿರುವಾಗಲೇ ಆತ ಎದ್ದು, ಯಾರೂ ಇಲ್ಲದ ಕಡೆಗೆ ಹೋಗಿ ಪ್ರಾರ್ಥಿಸುತ್ತಿದ್ದ. ಶಿಷ್ಯರು ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನೇ ಕೇಳುತ್ತಿದ್ದಾರೆ ಎಂದರು. ಕೆಲಸ ಇಲ್ಲದ ದಿನ ಆರಿಸಿಕೊಂಡ ಬಿಡುವಲ್ಲ ಅದು. ಕೆಲಸ ಮುತ್ತಿಕೊಂಡಿದ್ದ ದಿನವೇ ಎತ್ತಿಟ್ಟ ಹೊತ್ತು.

ಅಂದಿನ ಲೆಕ್ಕದಲ್ಲಿ ಹಗಲನ್ನು ಸೂರ್ಯೋದಯದಿಂದ ಹನ್ನೆರಡು ತಾಸುಗಳಾಗಿ ಎಣಿಸುತ್ತಿದ್ದರು. ಮೂರನೆಯ ತಾಸು ನಮ್ಮ ಬೆಳಗಿನ ಒಂಬತ್ತರ ಹತ್ತಿರ, ಆರನೆಯದು ನಡುಹಗಲು, ಒಂಬತ್ತನೆಯದು ಮಧ್ಯಾಹ್ನ ಮೂರು. ಅಪೊಸ್ತಲರ ಕೃತ್ಯಗಳಲ್ಲಿ ಪೇತ್ರ ಯೋಹಾನರು ದೇವಾಲಯಕ್ಕೆ ಹೋಗುವುದು ಒಂಬತ್ತನೆಯ ತಾಸಿಗೆ. ಯೊಪ್ಪದಲ್ಲಿ ಪೇತ್ರನು ಮಾಳಿಗೆ ಹತ್ತುವುದು ಆರನೆಯ ತಾಸಿಗೆ. ಆದಿ ಸಭೆಯ ಕೈಪಿಡಿಯಾದ 'ಡಿಡಾಖೆ' ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕೆಂದು ವಿಧಿಸಿತು. ಸುಮಾರು 200ರ ಹೊತ್ತಿಗೆ ಕಾರ್ಥೇಜಿನ ತೆರ್ತುಲ್ಲಿಯನ್ ಇದೇ ಮೂರು ತಾಸುಗಳ ಪ್ರಾರ್ಥನೆಯ ಬಗ್ಗೆ ಬರೆದಿದ್ದಾನೆ.

ಬೆನೆಡಿಕ್ಟರ ಗಂಟೆ

ಆರನೆಯ ಶತಮಾನದಲ್ಲಿ ಇಟಲಿಯ ಮೊಂತೆ ಕಸ್ಸಿನೊ ಬೆಟ್ಟದ ಮೇಲೆ ಸಂತ ಬೆನೆಡಿಕ್ಟರು ತಮ್ಮ ಮಠಕ್ಕೆ ಬರೆದ ನಿಯಮಗ್ರಂಥ ಈ ಹೊತ್ತುಗಳಿಗೆ ಗಟ್ಟಿ ಚೌಕಟ್ಟು ಹಾಕಿತು. ರಾತ್ರಿ ಒಂದು, ಹಗಲಿಗೆ ಏಳು, ಒಟ್ಟು ಎಂಟು ಪ್ರಾರ್ಥನೆಗಳು. 150 ಕೀರ್ತನೆಗಳೂ ಒಂದು ವಾರದಲ್ಲಿ ಮುಗಿಯಬೇಕು. ಹಿಂದಿನ ತಪಸ್ವಿಗಳು ಒಂದೇ ದಿನದಲ್ಲಿ ಹೇಳುತ್ತಿದ್ದುದನ್ನು ನಾವು ವಾರಕ್ಕಾದರೂ ಹೇಳೋಣ ಎಂಬ ಧಾಟಿಯಲ್ಲಿ ಅವರು ಇದನ್ನು ಬರೆಯುತ್ತಾರೆ. ಈ ಪ್ರಾರ್ಥನೆಗೆ ಅವರಿಟ್ಟ ಹೆಸರು 'ದೇವರ ಕೆಲಸ'. ಗಂಟೆ ಕೇಳಿದ ಕೂಡಲೇ ಕೈಯಲ್ಲಿರುವುದನ್ನು ಅಲ್ಲೇ ಬಿಟ್ಟು ಹೊರಡಬೇಕು.

ನಿಯಮ ಬಿಗಿ, ಆದರೆ ಬರೆದವರಿಗೆ ಮನುಷ್ಯರ ಪರಿಚಯ ಚೆನ್ನಾಗಿದೆ. ಏಳುವಾಗ ಒಬ್ಬರಿಗೊಬ್ಬರು ಮೆಲ್ಲನೆ ಹುರುಪು ಕೊಡಿ, ನಿದ್ದೆಗಣ್ಣಿನವರು ನೆವ ಹುಡುಕುತ್ತಾರೆ ಎನ್ನುತ್ತಾರೆ. ದೂರದ ಹೊಲದಲ್ಲಿ ಕೆಲಸಕ್ಕಿರುವವರು ಮಠಕ್ಕೆ ಓಡಿ ಬರಬೇಕಿಲ್ಲ, ಇದ್ದಲ್ಲೇ ಮೊಣಕಾಲೂರಲಿ. ಪ್ರಯಾಣದಲ್ಲಿರುವವರು ಗೊತ್ತಾದ ಹೊತ್ತನ್ನು ತಪ್ಪಿಸದೆ ತಮ್ಮಿಂದಾದಷ್ಟು ನೆರವೇರಿಸಲಿ. ಹದಿನಾಲ್ಕು ಶತಮಾನಗಳು ಕಳೆದರೂ ಬಸ್ಸಿನಲ್ಲಿ ಕೂತು ಪ್ರಾರ್ಥಿಸುವ ನೌಕರನಿಗೆ ಈ ಮಾತು ಸಲ್ಲುತ್ತದೆ.

ಕ್ಯಾಥೊಲಿಕ್ ಸಭೆಯಲ್ಲಿ ಈ ಕ್ರಮ ಇಂದಿಗೂ ಜೀವಂತವಾಗಿದೆ, ರೂಪ ಹಗುರಾಗಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆಯ ಕುರಿತು ಹೊರಡಿಸಿದ ಶಾಸನದ ನಂತರ ಪ್ರಾರ್ಥನೆಯ ಪುಸ್ತಕ ಪರಿಷ್ಕಾರವಾಗಿ, ಕೀರ್ತನೆಗಳು ನಾಲ್ಕು ವಾರಗಳಿಗೆ ಹರಡಿಕೊಂಡವು. ಗುರುಗಳಿಗೆ ಇದು ಕಡ್ಡಾಯ. ಬೆಳಗಿನ ಮತ್ತು ಸಂಜೆಯ ಪ್ರಾರ್ಥನೆಗಳು ಇಡೀ ದಿನದ ಎರಡು ಕೀಲುಗಳೆಂದು ಸಭೆ ಕಾಣುತ್ತದೆ. ಸಾಮಾನ್ಯ ವಿಶ್ವಾಸಿಗಳೂ ಈ ಎರಡನ್ನು ಹೇಳಲಿ ಎಂದು ಮಹಾಸಭೆ ಪ್ರೋತ್ಸಾಹಿಸಿತು.

ಓದು ಬಾರದವರ ಕೀರ್ತನೆ

ಲತೀನ್ ಬಾರದ ರೈತರು, ಹೆಂಗಸರು, ಆಳುಗಳು ಮಠದ ಪುಸ್ತಕವನ್ನು ಓದುವುದೆಲ್ಲಿ ಬಂತು? ಅವರ ಕೈಗೆ ಬಂದದ್ದು ಮಣಿಗಳ ಸರ. 150 ಕೀರ್ತನೆಗಳ ಜಾಗದಲ್ಲಿ 150 'ನಮೋ ಮರಿಯ' ಜಪ, ಹತ್ತರಂತೆ ಹದಿನೈದು ರಹಸ್ಯಗಳು, ಅಂದರೆ ಯೇಸು ಮರಿಯರ ಬದುಕಿನ ಘಟನೆಗಳ ಧ್ಯಾನ. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಇನ್ನೂ ಐದು ಸೇರಿಸಿದ್ದರಿಂದ ಈಗ ಇಪ್ಪತ್ತು. ಒಂದು ಸಂಜೆಗೆ ಐದು ರಹಸ್ಯ ಹೇಳುವುದು ರೂಢಿ. ಹದಿನೈದರ ಹಳೆಯ ಸರದ ಮೂರರಲ್ಲೊಂದು ಪಾಲು ಎಂಬರ್ಥದ ಪೋರ್ಚುಗೀಸ್ ಮಾತೇ ಕೊಂಕಣಿಯಲ್ಲಿ ತೇರ್ಸ್ ಆಯಿತು. ಆಮೋರಿಯೂ ಹಾಗೆಯೇ ಆವೆ ಮರಿಯಾದಿಂದ ಬಂದದ್ದು.

ಆಮೋರಿ ಎಂದರೆ ಆಂಜೆಲಸ್ ಎಂಬ ತ್ರಿಕಾಲ ಪ್ರಾರ್ಥನೆಯ ಸಂಜೆಯ ಭಾಗ. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರಕ್ಕೆ ಗಂಟೆ ಬಾರಿಸುತ್ತಾರೆ: ಮೂರು ಪೆಟ್ಟು, ಬಿಡುವು, ಮತ್ತೆ ಮೂರು, ಬಿಡುವು, ಮತ್ತೆ ಮೂರು. ಬಿಡುವು ಇರುವುದು ಜಪ ಹೇಳಿಕೊಳ್ಳಲು. ಗಡಿಯಾರ ಇಲ್ಲದ ಊರಿಗೆ ಆ ಗಂಟೆಯೇ ಗಡಿಯಾರವಾಗಿತ್ತು, ಗದ್ದೆಯಲ್ಲಿದ್ದವರಿಗೂ ದೇವರ ನೆನಪು ಮಾಡಿಕೊಡುತ್ತಿತ್ತು.

ಕ್ಷೌರಿಕನಿಗೆ ಬರೆದ ಪುಸ್ತಕ

ಸುಧಾರಣೆಯ ಕಾಲದಲ್ಲಿ ಪ್ರಾಟೆಸ್ಟಂಟರು ಮಠಗಳನ್ನು ಬಿಟ್ಟರು, ಹೊತ್ತನ್ನು ಬಿಡಲಿಲ್ಲ. 1535ರಲ್ಲಿ ಮಾರ್ಟಿನ್ ಲೂಥರರಿಗೆ ಅವರ ಕ್ಷೌರಿಕ ಪೀಟರ್, ಪ್ರಾರ್ಥಿಸುವುದು ಹೇಗೆಂದು ಕೇಳಿದ. ಲೂಥರ್ ಅವನಿಗಾಗಿಯೇ ಒಂದು ಪುಟ್ಟ ಪುಸ್ತಕ ಬರೆದರು. ಬೆಳಗಿನ ಮೊದಲ ಕೆಲಸ, ರಾತ್ರಿಯ ಕೊನೆಯ ಕೆಲಸ ಪ್ರಾರ್ಥನೆಯಾಗಲಿ; ಇದೊಂದು ಮುಗಿಸಿ ಇನ್ನೊಂದು ತಾಸು ಬಿಟ್ಟು ಪ್ರಾರ್ಥಿಸುತ್ತೇನೆ ಎಂಬ ಯೋಚನೆ ಬಂದರೆ ಎಚ್ಚರ, ಆ ದಿನ ಹಾಗೆಯೇ ಕಳೆದುಹೋಗುತ್ತದೆ ಎಂಬುದು ಅವರ ಬುದ್ಧಿಮಾತು. ಮುಂದೆ ಪೀಟರನ ಕಸುಬಿನಿಂದಲೇ ಹೋಲಿಕೆ ಕೊಡುತ್ತಾರೆ. ಒಳ್ಳೆಯ ಕ್ಷೌರಿಕನ ಕಣ್ಣು, ಮನಸ್ಸು ಕತ್ತಿಯ ಮೇಲೇ ಇರಬೇಕು. ಹರಟುತ್ತಾ ಅತ್ತಿತ್ತ ನೋಡಿದರೆ ಗಿರಾಕಿಯ ಬಾಯಿಯನ್ನೋ ಮೂಗನ್ನೋ ಕೊಯ್ದಾನು. ಅಷ್ಟು ದೊಡ್ಡ ಪಂಡಿತ ಒಬ್ಬ ಕಸುಬುದಾರನ ಪ್ರಶ್ನೆಗೆ ಹೀಗೆ ಕೂತು ಉತ್ತರ ಬರೆದದ್ದು ನನಗೆ ಬಹಳ ಪ್ರೀತಿಯ ಸಂಗತಿ.

ಇಂಗ್ಲೆಂಡಿನಲ್ಲಿ 1549ರ ಸಾಮಾನ್ಯ ಪ್ರಾರ್ಥನಾ ಪುಸ್ತಕ ಮಠದ ಎಂಟು ಹೊತ್ತನ್ನು ಬೆಳಗು, ಸಂಜೆ ಎಂದು ಎರಡಕ್ಕೆ ಇಳಿಸಿ, ಕೀರ್ತನೆಗಳನ್ನು ತಿಂಗಳಿಗೆ ಹಂಚಿತು. ಜರ್ಮನಿಯ ಹೆರ್ನ್‌ಹೂಟ್ ಎಂಬ ಹಳ್ಳಿಯಲ್ಲಿ ಮೊರಾವಿಯನ್ ಸಹೋದರರು 1727ರಲ್ಲಿ ಸರದಿಯ ಮೇಲೆ ಇಪ್ಪತ್ತನಾಲ್ಕು ತಾಸೂ ಪ್ರಾರ್ಥನೆ ನಿಲ್ಲದ ಹಾಗೆ ಏರ್ಪಾಡು ಮಾಡಿಕೊಂಡರು. ಅದು ನೂರು ವರ್ಷ ನಡೆಯಿತು. ಮರುವರ್ಷದಿಂದ ಪ್ರತಿದಿನಕ್ಕೊಂದು ಸತ್ಯವೇದದ ವಾಕ್ಯವನ್ನು ಮನೆಮನೆಗೆ ತಲುಪಿಸತೊಡಗಿದರು. 1731ರಿಂದ ಅಚ್ಚಾಗುತ್ತಾ ಬಂದಿರುವ ಆ ವಾಕ್ಯಸಂಗ್ರಹ ಇಂದಿಗೂ ಹೊರಬರುತ್ತಿದೆ. ನಮ್ಮಲ್ಲಿ ವಾಟ್ಸ್‌ಆ್ಯಪಿನಲ್ಲಿ ಬೆಳಿಗ್ಗೆ ಬರುವ 'ಇಂದಿನ ವಾಕ್ಯ'ದ ಹಿರಿಯಜ್ಜ ಅದೇ ಎನ್ನಬಹುದು. ವ್ಯತ್ಯಾಸ ಒಂದೇ, ಅಲ್ಲಿ ವಾಕ್ಯವನ್ನು ಹೊತ್ತು ತಂದ ಸಹೋದರ ಮನೆಯವರ ಯೋಗಕ್ಷೇಮವನ್ನೂ ವಿಚಾರಿಸಿ ಹೋಗುತ್ತಿದ್ದ.

ಕನ್ನಡ ನಾಡಿನ ಮನೆಗಳು

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನವರು ಹೆರ್ನ್‌ಹೂಟಿನವರಂತೆಯೇ ಜರ್ಮನ್ ಭಕ್ತಿಪಂಥದ ನೆಲದಿಂದ ಬಂದವರು. ಕರಾವಳಿ ಮತ್ತು ಉತ್ತರ ಕರ್ನಾಟಕದ ಪ್ರಾಟೆಸ್ಟಂಟ್ ಮನೆಗಳಲ್ಲಿ ನಡೆಯುವ ಕುಟುಂಬ ಪ್ರಾರ್ಥನೆಯಲ್ಲಿ ಅದರ ಗುರುತು ಕಾಣುತ್ತದೆ. ಒಂದು ಗೀತೆ, ಸತ್ಯವೇದದ ಒಂದು ಭಾಗ, ಹಿರಿಯರೊಬ್ಬರ ಪ್ರಾರ್ಥನೆ, ಕೊನೆಗೆ ಎಲ್ಲರೂ ಕೂಡಿ ಕರ್ತನ ಪ್ರಾರ್ಥನೆ. ಮಕ್ಕಳಿಗೆ ಬಾಯಿಪಾಠದ ವಾಕ್ಯ. ಕನ್ನಡದ ಹಳೆಯ ಸತ್ಯವೇದ ಭಾಷೆಯ ಲಯ ಎಷ್ಟೋ ಮಂದಿಯ ನಾಲಿಗೆಗೆ ಬಂದದ್ದು ಶಾಲೆಯಿಂದಲ್ಲ, ಈ ಪ್ರಾರ್ಥನೆಗೆ ಕೂತ ಚಾಪೆಯ ಮೇಲಿನಿಂದ.

ಕೇರಳದಿಂದ ಮಲೆನಾಡಿಗೂ ದಕ್ಷಿಣ ಕನ್ನಡಕ್ಕೂ ವಲಸೆ ಬಂದ ಸಿರಿಯನ್ ಆರ್ಥೊಡಾಕ್ಸ್ ಕುಟುಂಬಗಳದು ಮತ್ತೊಂದು ಬಗೆ. ಶೆಹೀಮೊ ಎಂಬ ಅವರ ಪ್ರಾರ್ಥನಾ ಪುಸ್ತಕದಲ್ಲಿ ದಿನಕ್ಕೆ ಏಳು ಹೊತ್ತು. ಪೂರ್ವಕ್ಕೆ ಮುಖಮಾಡಿ ನಿಂತು ಹೇಳುತ್ತಾರೆ. ಬೆಂಗಳೂರು–ಮೈಸೂರು ರಸ್ತೆಯ ಕುಂಬಳಗೋಡಿನ ಬಳಿಯ ಆಶೀರ್ವನಂ ಮಠದಲ್ಲಿ ಬೆನೆಡಿಕ್ಟರ ನಿಯಮವೇ ದಿನಚರಿಯನ್ನು ನಡೆಸುತ್ತದೆ.

ಮನಸ್ಸು ನಿಲ್ಲದ ದಿನಗಳು

ಹೊತ್ತು ಇಟ್ಟುಕೊಂಡವರೆಲ್ಲ ಕಾಣುವ ಕಷ್ಟ ಒಂದಿದೆ. ಕೂತ ಐದು ನಿಮಿಷಕ್ಕೆ ಕರೆಂಟ್ ಬಿಲ್ಲು, ಮಗಳ ಪರೀಕ್ಷೆ, ನಿನ್ನೆಯ ಜಗಳ ಎಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಆಮೇಲೆ ಸುಮ್ಮನೆ ಬೇಸರ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಎವಾಗ್ರಿಯಸ್ ಈ ಬೇಸರಕ್ಕೆ ನಡುಹಗಲ ದೆವ್ವ ಎಂದು ಹೆಸರಿಟ್ಟ. ಅದು ಹಿಡಿದ ಸನ್ಯಾಸಿಗೆ ಸೂರ್ಯ ಜಾಗ ಬಿಟ್ಟು ಕದಲುವುದೇ ಇಲ್ಲ ಅನ್ನಿಸುತ್ತದೆ. ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ, ಗುಡಿಸಲಿನಿಂದ ಹೊರಬಂದು ಊಟದ ಹೊತ್ತಿಗೆ ಇನ್ನೆಷ್ಟಿದೆ ಎಂದು ಬಿಸಿಲನ್ನು ಅಳೆಯುತ್ತಾನೆ, ಯಾರಾದರೂ ಸಹೋದರ ಬಂದಾನೇ ಎಂದು ಕಾಯುತ್ತಾನೆ. ಮೊಬೈಲ್ ತೆರೆದು ಮುಚ್ಚುವ ನಮ್ಮ ಬೆರಳಿನ ಚಡಪಡಿಕೆಯೂ ಅದೇ. ಎವಾಗ್ರಿಯಸ್ ಹೇಳುವ ಔಷಧಿ ಸರಳ: ಗುಡಿಸಲು ಬಿಟ್ಟು ಏಳಬೇಡ.

ಹದಿನಾರನೆಯ ಶತಮಾನದ ಆವಿಲಾದ ಸಂತ ತೆರೇಸಾ ಪ್ರಾರ್ಥನೆಯ ಮಹಾಗುರು ಎನ್ನಿಸಿಕೊಂಡವರು. ಅವರೇ ತಮ್ಮ ಆತ್ಮಕಥೆಯಲ್ಲಿ, ಕೆಲವು ವರ್ಷ ಪ್ರಾರ್ಥನೆಗಿಂತ ಹೆಚ್ಚಾಗಿ ಆ ಒಂದು ತಾಸು ಯಾವಾಗ ಮುಗಿದೀತು, ಗಡಿಯಾರ ಯಾವಾಗ ಹೊಡೆದೀತು ಎಂಬ ಕಡೆಗೇ ಕಿವಿ ಇತ್ತೆಂದು ಬರೆದಿದ್ದಾರೆ. ಆದರೂ ಕೂತರು. ಈ ಪುಟವನ್ನು ಓದಿದ ದಿನದಿಂದ, ಏನೂ ಅನ್ನಿಸದ ಪ್ರಾರ್ಥನೆ ವ್ಯರ್ಥ ಎಂದು ಯಾರಾದರೂ ಕೊರಗಿದರೆ ನಾನು ಇವರ ಹೆಸರು ಹೇಳುತ್ತೇನೆ.

ದಿನದ ಕೊನೆಗೆ ಬಹಳ ಜನರಿಗೆ ಹೊಂದುವ ದಾರಿಯನ್ನು ಲೊಯೋಲಾದ ಸಂತ ಇಗ್ನೇಷಿಯಸ್ ತೋರಿಸಿದರು. ಮೊದಲು ದಿನಕ್ಕಾಗಿ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ನಂತರ ಬೆಳಗಿನಿಂದ ನಡೆದದ್ದನ್ನೆಲ್ಲ ಒಂದೊಂದಾಗಿ ನೆನೆಯುವುದು, ತಪ್ಪಿದ್ದಕ್ಕೆ ಕ್ಷಮೆ, ನಾಳೆಗೆ ನಿರ್ಧಾರ. ಹದಿನೈದು ನಿಮಿಷ ಸಾಕು. ಉಜ್ಜೀವನ ಕೂಟ, ಧ್ಯಾನಕೂಟಗಳಲ್ಲಿ ಸಿಕ್ಕ ಬೆಂಕಿ ಮನೆಗೆ ಬಂದು ವಾರದಲ್ಲಿ ತಣ್ಣಗಾಗುತ್ತದೆ ಎಂದು ನೊಂದುಕೊಳ್ಳುವವರಿದ್ದಾರೆ. ಆ ಕೂಟಗಳ ಬೆಲೆಯನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ಬೆಂಕಿಗೆ ದಿನವೂ ಸೌದೆ ಇಡುವುದು ಈ ಹದಿನೈದು ನಿಮಿಷವೇ.

ಹೊತ್ತು ಗೊತ್ತುಮಾಡುವ ಬಗೆ

ಹೊಸದಾಗಿ ಶುರುಮಾಡುವವರು ಒಂದು ತಾಸಿನ ಹರಕೆ ಹೊರುವುದು ಬೇಡ. ಹತ್ತು ನಿಮಿಷ, ಆದರೆ ದಿನವೂ ಅದೇ ಹೊತ್ತು, ಅದೇ ಜಾಗ. ಈಗಾಗಲೇ ದಿನವೂ ತಪ್ಪದೆ ಮಾಡುವ ಕೆಲಸವೊಂದಕ್ಕೆ ಅದನ್ನು ಕಟ್ಟಿಹಾಕುವುದು ಒಳ್ಳೆಯದು: ಹಾಲು ಕಾಯಿಸುವ ಮುಂಚೆ, ಮಕ್ಕಳ ಬಸ್ಸು ಹೋದ ಮೇಲೆ. ರಾತ್ರಿ ಪಾಳಿಯ ನರ್ಸುಗಳಿಗೆ ಬೆಳಗು ಎಂಬುದು ಮಧ್ಯಾಹ್ನ ಎದ್ದಾಗ. ಅವರಿಗೆ ಅದೇ ಬೆಳಗಿನ ಪ್ರಾರ್ಥನೆ. ಒಂದು ಕೀರ್ತನೆ, ಸುವಾರ್ತೆಯ ಹತ್ತು ಸಾಲು, ಸ್ವಲ್ಪ ಮೌನ, ನೆರೆಹೊರೆಯ ಒಬ್ಬರ ಹೆಸರು ಹೇಳಿ ಬೇಡಿಕೆ, ಕರ್ತನ ಪ್ರಾರ್ಥನೆ. ಮೊಬೈಲಿನಲ್ಲಿ ಓದುವುದಕ್ಕಿಂತ ಕಾಗದದ ಪುಸ್ತಕ ಮೇಲು, ಕಾರಣ ಹೇಳಬೇಕಾಗಿಲ್ಲ.

ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಮಾಡಿ ಸಾಲ ತೀರಿಸುವ ಅಗತ್ಯವಿಲ್ಲ. ಬೆನೆಡಿಕ್ಟರ ನಿಯಮದ 43ನೆಯ ಅಧ್ಯಾಯ ತಡವಾಗಿ ಬರುವವರ ಕುರಿತಾದದ್ದು. ರಾತ್ರಿಯ ಪ್ರಾರ್ಥನೆಯ ಆರಂಭದ ಭಾಗದಲ್ಲಿ ನಮ್ಮ ಸತ್ಯವೇದದ ಲೆಕ್ಕದಲ್ಲಿ 95ನೆಯದಾದ ಕೀರ್ತನೆ ಬರುತ್ತದೆ. ಅದನ್ನು ಬೇಕೆಂದೇ ಎಳೆದು ನಿಧಾನವಾಗಿ ಹೇಳಬೇಕೆಂದು ಅವರು ವಿಧಿಸುತ್ತಾರೆ, ಹಾಸಿಗೆಯಿಂದ ಏಳಲು ತಡವಾದವನು ಕೀರ್ತನೆ ಮುಗಿಯುವ ಮೊದಲು ಓಡಿ ಬಂದು ಸೇರಿಕೊಳ್ಳಲಿ ಎಂದು. ಅದಕ್ಕೂ ತಡವಾದವನು ಕೊನೆಯಲ್ಲಿ ನಿಲ್ಲಬೇಕು. ಆದರೆ ಹೊರಗಲ್ಲ, ಒಳಗೆ. ಹೊರಗೆ ಬಿಟ್ಟರೆ ಅವನು ಮತ್ತೆ ಹೋಗಿ ಮಲಗಿಬಿಟ್ಟಾನು ಎಂಬುದು ಅವರಿಗೆ ಗೊತ್ತಿತ್ತು.