ದಿಟ್ಟತನವೋ, ನಾಚಿಕೆಗೇಡಿತನವೋ?

ಇಂಗ್ಲಿಷಿನಲ್ಲಿ 'ಹುಟ್ಸ್ಪಾ' ಎಂಬ ಪದವೊಂದಿದೆ. ಹೀಬ್ರೂ ಮೂಲದ ಇದು ಯಿಡ್ಡಿಷ್ ಭಾಷೆಯ ಮೂಲಕ 19ನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷನ್ನು ಸೇರಿತು. ಮೂಲದಲ್ಲಿ ಅದು ಲಜ್ಜೆಗೆಟ್ಟ ಉದ್ಧಟತನವನ್ನು ಸೂಚಿಸುವ ನಿಂದೆ. ಅಮೆರಿಕದಲ್ಲಿ ಮೆಚ್ಚುಗೆಯೂ ಆಯಿತು.

ನಮ್ಮಲ್ಲಿಯೂ ಇಂಥದೇ ಕಥೆಯುಂಟು. ಸಂಸ್ಕೃತದ 'ಧೃಷ್ಟ'ನೆಂದರೆ ಧೈರ್ಯಶಾಲಿಯೂ ಹೌದು, ನಿರ್ಲಜ್ಜನೂ ಹೌದು. ಅಲಂಕಾರಶಾಸ್ತ್ರದಲ್ಲಿ ತಪ್ಪೆಸಗಿಯೂ ನಾಚದ ನಾಯಕನಿಗೆ ಇದೇ ಹೆಸರು. ಅದರ ತದ್ಭವವಾದ 'ದಿಟ್ಟ' ಕನ್ನಡದಲ್ಲಿ ಹೊಗಳಿಕೆಯಾಯಿತು. 'ಧಾರ್ಷ್ಟ್ಯ' ನಿಂದೆಯಾಗಿಯೇ ಉಳಿಯಿತು. ಎರಡೂ ಒಂದೇ ಧಾತುವಿನ ಮಕ್ಕಳು!

ಆಳಂದ, ಅಫಜಲಪುರ, ಜೇವರ್ಗಿಗಳ ಆಡುಮಾತಿನಲ್ಲಿ ಮತ್ತೊಂದು ಪದವಿದೆ: 'ಬೇಶರಮ್'. ಪಾರಸಿಯಲ್ಲಿ 'ಬೇ' ಎಂದರೆ ಇಲ್ಲದ, 'ಶರ್ಮ್' ಎಂದರೆ ನಾಚಿಕೆ. 1347ರಲ್ಲಿ ಆರಂಭವಾದ ಬಹಮನಿಗಳ ಆಳ್ವಿಕೆಯಿಂದ 1948ರಲ್ಲಿ ಕೊನೆಗೊಂಡ ನಿಜಾಮರ ಆಳ್ವಿಕೆಯವರೆಗೆ ಪಾರಸಿ, ದಖನಿ, ಉರ್ದು ನುಡಿಗಳು ನಮ್ಮ ಕನ್ನಡದೊಡನೆ ಬೆರೆತುದರ ಫಲವಿದು.

ಪದಗಳು ನಿರಪಾಯವಲ್ಲ. ತರಗತಿಯಲ್ಲಿ ಎದ್ದು ಪ್ರಶ್ನಿಸಿದ ಹುಡುಗ ದಿಟ್ಟನೆನಿಸಿದ. ಅದನ್ನೇ ಕೇಳಿದ ಹುಡುಗಿ ಬೇಶರಮ್ ಎನಿಸಿದಳು. ಆ ಒಂದು ಮಾತಿಗೆ ಅಂಜಿ ಶಾಲೆ ಬಿಟ್ಟವರನ್ನು ನಾನು ಬಲ್ಲೆ.

ನನ್ನ ವಿದ್ಯಾರ್ಥಿನಿಯರೇ, ಇಂದು ನೀವು ತಾಯಂದಿರು. ಮಗಳು ಎದುರು ನಿಂತು ಪ್ರಶ್ನಿಸಿದಾಗ ಇವುಗಳಲ್ಲಿ ಯಾವ ಪದವನ್ನು ಆರಿಸುವಿರಿ?