ದೊಡ್ಡಾಟದಲ್ಲಿ ಅರಸನ ಮಾತು, ಆಳಿನ ಮಾತು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕುಗಳು 1997ರಲ್ಲಿ ಹಾವೇರಿ ಜಿಲ್ಲೆಯು ರಚಿತವಾಗುವವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು. ಈ ಸೀಮೆಯ ನಾಟಕ ಪರಂಪರೆಯಲ್ಲಿ ವಿದ್ಯೆಯೂ ಅಂತಸ್ತೂ ವ್ಯಕ್ತಿತ್ವವನ್ನು ಹೇಗೆ ರೂಪಿಸಿದವೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಿದ್ದೇವೆ.

ದೊಡ್ಡಾಟದಲ್ಲಿ ಅರಸನ ಪಾತ್ರವು ರಂಗಕ್ಕೆ ಬಂದೊಡನೆ ಸಾರಥಿಯು ಎದುರ್ಗೊಂಡು ಹೆಸರು, ದೇಶಗಳನ್ನು ವಿಚಾರಿಸುತ್ತಾನೆ. ಅರಸನು ತನ್ನ ವಂಶ, ರಾಜ್ಯ, ಪರಾಕ್ರಮಗಳನ್ನು ಸಂಸ್ಕೃತ ಪದಗಳಿಂದ ತುಂಬಿದ ಪ್ರೌಢ ಗದ್ಯದಲ್ಲಿ ಹೇಳಿಕೊಳ್ಳುತ್ತಾನೆ. ಸಾರಥಿಯಾದರೋ ಬಹುಮಟ್ಟಿಗೆ ಊರಿನ ಆಡುನುಡಿಗೆ ಇಳಿಯುತ್ತಾನೆ. ಮೇಲು ಕೀಳುಗಳ ಗುರುತು ವೇಷದಲ್ಲಿರುವಷ್ಟೇ ಮಾತಿನಲ್ಲಿಯೂ ಇದೆ. ಆದರೆ ಆ ಪ್ರೌಢ ನುಡಿಯನ್ನಾಡುವವನು ಹೆಚ್ಚಾಗಿ ಹೊಲದಲ್ಲಿ ದುಡಿಯುವ ರೈತನೇ. ಅಕ್ಷರ ಬಾರದಿದ್ದರೂ ಆಟ ಕಲಿಸುವ ಮಾಸ್ತರನಿಂದ ಕೇಳಿ ಕೇಳಿ ಪಾತ್ರವನ್ನು ಕಂಠಸ್ಥ ಮಾಡಿದವರು ಅನೇಕರು. ಹಗಲು ಆಳಾದವನು ಇರುಳು ಅರಸನಂತೆ ಮಾತನಾಡಬಲ್ಲನೆಂದರೆ, ಆ ನುಡಿ ಹುಟ್ಟಿನಿಂದ ಬಂದುದಲ್ಲ, ಕಲಿಕೆಯಿಂದ ಬಂದುದು ಎಂಬುದು ಸಿದ್ಧವಾಗುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸ್ಥಿತಿಗೆ ಹೊಸ ತೊಡಕು ಬಂದಿತು. 1843ರಲ್ಲಿ ವಿಷ್ಣುದಾಸ ಭಾವೆಯವರು ಸಾಂಗಲಿಯಲ್ಲಿ ‘ಸೀತಾಸ್ವಯಂವರ’ವನ್ನು ಆಡಿಸಿದ ಬಳಿಕ ಬೆಳೆದ ಮರಾಠಿ ಮಂಡಳಿಗಳು ಮುಂಬಯಿ ಪ್ರಾಂತದ ಕನ್ನಡ ಊರುಗಳಲ್ಲಿಯೂ ಮನ್ನಣೆ ಪಡೆದವು. ಕಲಿತವರು ಅತ್ತ ಒಲಿದರು; ಬಯಲಾಟವು ಕಲಿಯದವರ ಆಟವೆನಿಸಿತು. ಹಿರೇಕೆರೂರು ತಾಲೂಕಿನ ಸಾತೇನಹಳ್ಳಿಯಲ್ಲಿ ಜನಿಸಿದ ಶಾಂತಕವಿ ಸಕ್ಕರಿ ಬಾಳಾಚಾರ್ಯರು (1856–1920) ವೃತ್ತಿಯಿಂದ ಶಾಲಾಶಿಕ್ಷಕರು. ಗದಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ‘ಉಷಾಹರಣ’ ಮೊದಲಾದ ಕನ್ನಡ ನಾಟಕಗಳನ್ನು ಅವರು ರಂಗಕ್ಕೆ ತಂದರು. ಕಲಿತವನಾಗಿಯೂ ಕನ್ನಡಿಗನಾಗಿಯೇ ಉಳಿಯಬಹುದೆಂಬ ಧೈರ್ಯವನ್ನು ಅವರ ಯತ್ನವು ಕೊಟ್ಟಿತು.

ಆದರೂ ಒಂದು ಮಾತನ್ನು ಮರೆಯಲಾಗದು. ನಾಟಕವು ಬರೆದ ಪುಸ್ತಕವಾದಂತೆ ಅಕ್ಷರವಂತನು ಕವಿಯೂ ಸೂತ್ರಧಾರನೂ ಆದನು. ಕಥಾನಾಯಕನು ಮಾತ್ರ ಪುರಾಣದ ಅರಸನೇ ಆಗಿ ಉಳಿದನು. ಹಳ್ಳಿಯ ಆಟಗಳಲ್ಲಿಯೂ ಪಾತ್ರಧಾರಿಗಳೇ ವೇಷದ ವೆಚ್ಚವನ್ನು ಹೊರುವಲ್ಲಿ ದೊಡ್ಡ ಪಾತ್ರವು ಸಾಮಾನ್ಯವಾಗಿ ಉಳ್ಳವರ ಪಾಲಾಗುತ್ತಿತ್ತು. ಅರಸನ ಮಾತನ್ನು ಯಾರೂ ಕಲಿಯಬಲ್ಲರೆಂದು ದೊಡ್ಡಾಟವು ತೋರಿಸಿಕೊಟ್ಟಿತು. ಕಲಿತ ಮಾತನ್ನು ಯಾರು ಆಡಬೇಕೆಂಬುದನ್ನು ಮಾತ್ರ ಊರಿನ ಆಸ್ತಿಪಾಸ್ತಿಯೇ ನಿರ್ಣಯಿಸಿತು. ಪಾತ್ರಧಾರಿಯ ವ್ಯಕ್ತಿತ್ವವನ್ನು ಅರಿಯಬೇಕಾದರೆ ಆಟದ ಪ್ರತಿಯೊಡನೆ ಆಟದ ಖರ್ಚಿನ ಲೆಕ್ಕವನ್ನೂ ಓದಬೇಕೆಂದು ನಾವು ಭಾವಿಸುತ್ತೇವೆ.