ಅಟ್ಟದಿಂದ ಇಳಿದ ಗರಗಸ

ಮೊನ್ನಿನ ಮಳೆಗಾಲದಲ್ಲಿ ನಮ್ಮ ಮನೆಯ ಹಿಂದಿನ ಹಲಸಿನ ಮರ ರಾತ್ರಿಯ ಗಾಳಿಗೆ ಬುಡಸಹಿತ ಉರುಳಿ ಕೊಟ್ಟಿಗೆಯ ಮಾಡಿನ ಮೇಲೆ ಮಲಗಿತು. ದನಗಳಿಗೆ ಏನೂ ಆಗಲಿಲ್ಲ, ನಮ್ಮ ಪುಣ್ಯ. ಆದರೆ ಮರ ಕುಯ್ಯುವವರು ಸಿಗಬೇಕಲ್ಲ! ನಾನು ಮದುವೆಯಾಗಿ ಸಾಗರದ ಕಡೆಯ ಈ ಹಳ್ಳಿಗೆ ಬಂದ ಹೊಸತರಲ್ಲಿ ಉದ್ದನೆಯ ಗರಗಸ ಹೊತ್ತ ಜೋಡಿಗಳು ಬೇಸಿಗೆಯಲ್ಲಿ ತಾವಾಗಿಯೇ ಬರುತ್ತಿದ್ದರು. ಒಬ್ಬ ದಿಮ್ಮಿಯ ಮೇಲೆ, ಇನ್ನೊಬ್ಬ ಹೊಂಡದೊಳಗೆ ನಿಂತು ದಿನವಿಡೀ ಎಳೆಯುತ್ತಿದ್ದರು. ಈಗ ಆ ಜೋಡಿಗಳಿಲ್ಲ. ಮಿಷನ್ ಇದ್ದವರನ್ನು ಕೇಳಿದರೆ, "ಹದಿನೈದು ದಿನ ಕಾಯಬೇಕು ಅಮ್ಮಾ, ಊರಲ್ಲೆಲ್ಲ ಮರ ಬಿದ್ದಿದೆ" ಎಂದರು.

ಆಗ ನೆನಪಾದದ್ದು ಅಟ್ಟದ ಮೇಲಿದ್ದ ಗೋಣಿಚೀಲ.

ಅದರೊಳಗಿದ್ದದ್ದು ನಮ್ಮ ಮಾವ 1984ರಲ್ಲಿ ತಂದಿದ್ದ ಚೈನ್ ಗರಗಸ. ಅದು ಮನೆಗೆ ಬಂದ ದಿನವೇ ಅತ್ತೆಗೂ ಅದಕ್ಕೂ ಹಗೆ. ಅತ್ತೆಯ ತವರು ಶಿರಸಿಯ ಕಡೆ. 1983ರ ಸೆಪ್ಟೆಂಬರಿನಲ್ಲಿ ಸಲ್ಕಣಿಯ ಗಂಡಸರು, ಹೆಂಗಸರು, ಮಕ್ಕಳು ಕಳಸೆಯ ಕಾಡಿಗೆ ನಡೆದುಹೋಗಿ ಕಡಿಯಲು ಗುರುತು ಮಾಡಿದ್ದ ಮರಗಳನ್ನು ಅಪ್ಪಿಕೊಂಡು ನಿಂತಿದ್ದರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. "ನನ್ನ ತವರಿನ ಕಡೆಯವರು ಮರ ಅಪ್ಪಿಕೊಂಡರು, ಮರುವರ್ಷವೇ ಈ ಮನೆಯವರು ಮರ ಕಡಿಯುವ ಭೂತ ತಂದರು" ಎಂದು ಅತ್ತೆ ಬಂದವರೆದುರೆಲ್ಲ ಹೇಳುತ್ತಿದ್ದರು. ಮಾವ ಹೋದ ವರ್ಷ ಅದನ್ನು ಅಟ್ಟಕ್ಕೆ ಹಾಕಿಸಿದವರೂ ಅವರೇ. ಅದಾಗಿ ಇಪ್ಪತ್ತೈದು ವರ್ಷ ದಾಟಿತ್ತು.

ಗೋಣಿಚೀಲ ಬಿಚ್ಚಿದಾಗ ಬಂದದ್ದು ಜಿರಲೆ, ಧೂಳು, ಹಳೆಯ ಪೆಟ್ರೋಲಿನ ಹುಳಿವಾಸನೆ. ಹೊಗೆ ಹೋಗುವ ಬಾಯಿಯಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಪೇಟೆಯಲ್ಲಿ ಪಂಪ್‌ಸೆಟ್ಟು ರಿಪೇರಿ ಮಾಡುವ ಹುಡುಗ ಬಂದು ಹಗ್ಗ ಎಳೆದು ನೋಡಿದ. ಅಲುಗಲಿಲ್ಲ. "ಸತ್ತಿಲ್ಲ ಅಮ್ಮಾ, ಹಿಡಿದುಕೊಂಡಿದೆ ಅಷ್ಟೆ" ಎಂದು ಪ್ಲಗ್ ಬಿಚ್ಚಿ, ಆ ತೂತಿನಿಂದ ಸ್ವಲ್ಪ ಎಣ್ಣೆ ಬಿಟ್ಟು ಎರಡು ದಿನ ಹಾಗೇ ಇಟ್ಟ. ಮೂರನೆಯ ದಿನ ಪಿಸ್ಟನ್ ಕದಲಿತು.

ಕಾರ್ಬ್ಯುರೇಟರು ಬಿಚ್ಚುವಾಗ ನಾನೂ ಪಕ್ಕದಲ್ಲಿ ಕುಳಿತಿದ್ದೆ. ಪೆಟ್ರೋಲು ಆರಿ ಬೆಲ್ಲದ ಪಾಕದಂತೆ ಅಂಟಾಗಿ ಗಟ್ಟಿಯಾಗಿತ್ತು. ಅದರೊಳಗೊಂದು ತೆಳ್ಳನೆಯ ಪೊರೆ. ಸ್ಕೂಟರಿನಲ್ಲಿ ಪೆಟ್ರೋಲಿನ ಮಟ್ಟ ಕಾಯಲು ಒಂದು ತೇಲುಬುರುಡೆ ಇರುತ್ತದಂತೆ. ಗರಗಸವನ್ನು ಓರೆಯಾಗಿ, ಅಡ್ಡವಾಗಿ ಹೇಗೆ ಬೇಕಾದರೂ ಹಿಡಿಯಬೇಕಾದ್ದರಿಂದ ತೇಲುಬುರುಡೆ ನಡೆಯುವುದಿಲ್ಲ, ಆ ಕೆಲಸವನ್ನು ಈ ಪೊರೆ ಮಾಡುತ್ತದೆ. ನಮ್ಮದು ಒಣಗಿ ಹಪ್ಪಳವಾಗಿತ್ತು, ಮುಟ್ಟಿದರೆ ಮುರಿಯಿತು. ಹೊಸ ಪೊರೆ ಶಿವಮೊಗ್ಗದಿಂದ ಬರಬೇಕಾಯಿತು. ಪುಡಿಯಾಗಿದ್ದ ಪೆಟ್ರೋಲು ಪೈಪು ಬದಲಾಯಿಸಿ, ಹಗ್ಗ ಹೊಸತು ಹಾಕಿ, ಕಿಡಿ ಹಾರಿಸುವ ಪಾಯಿಂಟುಗಳನ್ನು ನಯವಾದ ಉಪ್ಪುಕಾಗದದಲ್ಲಿ ಉಜ್ಜಿದ. ಪ್ಲಗ್ಗನ್ನು ಕಬ್ಬಿಣಕ್ಕೆ ತಾಗಿಸಿ ಹಗ್ಗ ಎಳೆದರೆ ನೀಲಿ ಕಿಡಿ! ಒಲೆ ಹೊತ್ತಿದಷ್ಟೇ ಸಂತೋಷವಾಯಿತು ನನಗೆ.

ಈ ಸುದ್ದಿಯನ್ನು ಮಗಳಿಗೆ ಫೋನಿನಲ್ಲಿ ಹೇಳಿದೆ. ಅವಳು ಹೆರಿಗೆ ವಾರ್ಡಿನಲ್ಲಿ ನರ್ಸು. "ಅಮ್ಮಾ, ಆ ಗರಗಸ ಮೊದಲು ಹುಟ್ಟಿದ್ದು ಮರಕ್ಕಲ್ಲ, ನಮ್ಮ ವಾರ್ಡಿಗೆ" ಎಂದಳು. ತಮಾಷೆ ಎಂದುಕೊಂಡೆ. ಅಲ್ಲ, ನಿಜವೇ.

ಮಗುವಿನ ತಲೆ ಸಿಕ್ಕಿಕೊಂಡು ಹೆರಿಗೆ ಆಗದಿದ್ದರೆ ಆಗಿನ ಯುರೋಪಿನ ವೈದ್ಯರಿಗೂ ಹೆಚ್ಚಿನ ದಾರಿ ಇರಲಿಲ್ಲ. ಹೊಟ್ಟೆ ಕೊಯ್ದರೆ ತಾಯಿ ಉಳಿಯುವುದು ಅಪರೂಪ. 1777ರಲ್ಲಿ ಪ್ಯಾರಿಸ್ಸಿನಲ್ಲಿ ಸಿಗೋ ಎಂಬ ವೈದ್ಯ ತಾಯಿಯ ಸೊಂಟದ ಮೂಳೆ ಮುಂದುಗಡೆ ಕೂಡುವ ಸಂದನ್ನು ಚಾಕುವಿನಿಂದ ಬಿಡಿಸಿ ಮಗುವಿಗೆ ದಾರಿ ಮಾಡಿದ. ಸಂದು ಗಟ್ಟಿಯಾಗಿದ್ದರೆ ಚಾಕು ಸಾಲದು. ಸ್ಕಾಟ್ಲೆಂಡಿನ ಜಾನ್ ಏಟ್ಕನ್ ತನ್ನ ಹೆರಿಗೆ ವೈದ್ಯದ ಪುಸ್ತಕದಲ್ಲಿ 1785ರ ಹೊತ್ತಿಗೆ ಇದಕ್ಕೆಂದೇ ಒಂದು ಸಣ್ಣ ಗರಗಸದ ಚಿತ್ರ ಕೊಟ್ಟಿದ್ದಾನೆ: ಹಲ್ಲುಗಳಿರುವ ಸರಪಳಿ, ಎರಡು ತುದಿಗೂ ಹಿಡಿ, ಕೈಯಿಂದಲೇ ಆಚೆಗೊಮ್ಮೆ ಈಚೆಗೊಮ್ಮೆ ಎಳೆಯುವುದು. ಅದೇ ಕಾಲದ ಜೆಫ್ರಿ ಎಂಬ ಇನ್ನೊಬ್ಬ ಸ್ಕಾಟಿಷ್ ವೈದ್ಯ ರೋಗ ಹಿಡಿದ ಕೀಲುಗಳನ್ನು ಕತ್ತರಿಸಲು ಅಂಥದನ್ನೇ ಬಳಸಿದ. 1830ರ ಸುಮಾರಿಗೆ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಸರಪಳಿಯನ್ನು ಒಂದು ಪಟ್ಟಿಯ ಸುತ್ತ ಓಡುವಂತೆ ಜೋಡಿಸಿ, ತಿರುಗಿಸಲು ಹಿಡಿ ಇಟ್ಟ. ಅದರ ಚಿತ್ರ ನೋಡಿದರೆ ನಮ್ಮ ಅಟ್ಟದ ಮಿಷನ್ನಿನ ಮುತ್ತಜ್ಜ ಎಂದು ಯಾರಾದರೂ ಹೇಳಿಯಾರು. ಪ್ರಜ್ಞೆ ತಪ್ಪಿಸುವ ಈಥರ್ ಬಂದದ್ದು 1846ರಲ್ಲಿ. ಅದಕ್ಕೆ ಮುಂಚಿನ ಹೆಂಗಸರು ಇದನ್ನೆಲ್ಲ ಎಚ್ಚರದಲ್ಲೇ ಸಹಿಸಬೇಕಾಗಿತ್ತು. ಬರೆಯುವಾಗಲೂ ನನ್ನ ಕೈ ತಣ್ಣಗಾಗುತ್ತದೆ.

ಸರಪಳಿ ಕಾಡಿಗೆ ಹೊರಟದ್ದು ಬಹಳ ತಡವಾಗಿ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ತಿನದನ್ನೂ 1929ರಲ್ಲಿ ಪೆಟ್ರೋಲಿನದನ್ನೂ ಮಾಡಿದ. ನಲವತ್ತು ಕಿಲೋಗೂ ಮೇಲಿನ ಭಾರ, ಹಿಡಿಯಲು ಇಬ್ಬರು ಬೇಕು. ಒಬ್ಬನೇ ಎತ್ತುವಂಥದ್ದು ಎರಡನೆಯ ಮಹಾಯುದ್ಧದ ನಂತರದ ಮಾತು. ನನಗೆ ಇವರೆಲ್ಲರಿಗಿಂತ ಇಷ್ಟವಾದವನು ಅಮೆರಿಕದ ಓರೆಗಾನಿನ ಜೋ ಕಾಕ್ಸ್. ಆಗಿನ ಸರಪಳಿಗಳ ಹಲ್ಲು ಬೇಗ ಮೊಂಡಾಗುತ್ತಿತ್ತು, ಅರ ಹಾಕಿದಷ್ಟೂ ಸಾಲದು. 1946ರಲ್ಲಿ ಒಂದು ದಿನ ಸೌದೆ ಒಡೆಯುತ್ತಿದ್ದವನಿಗೆ ಮರದೊಳಗೆ ತೋರುಬೆರಳಿನಂಥ ದುಂಡುಹುಳು ಕಂಡಿತು. ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ದವಡೆ ಆಡಿಸುತ್ತ ಗಟ್ಟಿಮರವನ್ನು ಸಲೀಸಾಗಿ ತಿನ್ನುತ್ತಿತ್ತು. ಕಾಕ್ಸ್ ಆ ದವಡೆಯ ಬಾಗನ್ನೇ ಉಕ್ಕಿನಲ್ಲಿ ಮಾಡಿ 1947ರಲ್ಲಿ ಸರಪಳಿ ಮಾರತೊಡಗಿದ. ಇಂದಿನ ಸರಪಳಿಯ ಹಲ್ಲೂ ಅದೇ ವಂಶದ್ದು. ನಾವಾದರೆ ಅಂಥ ಹುಳುವನ್ನು ಕಂಡ ತಕ್ಷಣ ಕೋಳಿಗೆ ಎಸೆಯುತ್ತೇವೆ!

ನಮ್ಮ ಸರಪಳಿಯನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ತುಕ್ಕು ಬಿಡಿಸಿದ ಮೇಲೆ ಹುಡುಗ ದುಂಡು ಅರ ನನ್ನ ಕೈಗೇ ಕೊಟ್ಟ. ಒಂದೊಂದು ಹಲ್ಲಿಗೂ ಎಣಿಸಿ ಮೂರೇ ಉಜ್ಜು. ಎಡದವಕ್ಕೆ ಹೆಚ್ಚಾಗಿ ಬಲದವಕ್ಕೆ ಕಡಿಮೆಯಾದರೆ ಗರಗಸ ಸೊಟ್ಟ ಹೋಗುತ್ತದೆ. ಅಕ್ಕಿ ಆರಿಸಿದ ಕೈಗೆ ಇದೇನು ಮಹಾ? ಒಂದು ಲೀಟರು ಪೆಟ್ರೋಲಿಗೆ ನಲವತ್ತು ಮಿಲಿಲೀಟರು ಆಯಿಲ್ ಬೆರೆಸಿ ಹುಯ್ದು, ನಾಲ್ಕನೆಯ ಎಳೆತಕ್ಕೆ ಅದು ಕೆಮ್ಮಿತು, ಏಳನೆಯದಕ್ಕೆ ಕೂಗಿತು. ಕೊಟ್ಟಿಗೆಯ ದನಗಳೆಲ್ಲ ಎದ್ದು ನಿಂತವು.

ಸದ್ದಿಗೆ ಅತ್ತೆ ಕೋಲೂರಿಕೊಂಡು ಜಗಲಿಗೆ ಬಂದರು. ಎಂಬತ್ತೆಂಟು ವರ್ಷ ಅವರಿಗೆ. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ, ಮರ ತಾನಾಗಿ ಬಿದ್ದದ್ದಲ್ಲವೇ. ಹುಡುಗ ಮುಖಕ್ಕೆ ಕನ್ನಡಕ ಹಾಕಿಕೊಂಡು, ಪಟ್ಟಿಯ ಮೂತಿ ಎಲ್ಲೂ ತಾಗದಂತೆ ನೋಡಿಕೊಳ್ಳುತ್ತ ಕೊಂಬೆಗಳನ್ನು ಕುಯ್ಯತೊಡಗಿದ. ಮೂತಿ ತಾಗಿದರೆ ಗರಗಸ ಹಿಂದಕ್ಕೆ ಚಿಮ್ಮುತ್ತದೆ, ಹಳೆಯ ಮಿಷನ್ನಿಗೆ ಬ್ರೇಕೂ ಇಲ್ಲ. ಹಳದಿ ಹುಡಿ ಅಂಗಳದ ತುಂಬ ಹಾರಿತು.

ಊಟದ ಹೊತ್ತಿಗೆ ಸದ್ದು ನಿಂತಾಗ ಅತ್ತೆಗೆ ಮಗಳು ಹೇಳಿದ್ದನ್ನೆಲ್ಲ ಹೇಳಿದೆ. ಹೇಳಬಾರದಿತ್ತೇನೋ. ಅವರ ಮೊದಲ ಹೆರಿಗೆ ಈ ಮನೆಯ ಬಾಣಂತಿಕೋಣೆಯಲ್ಲೇ ಎರಡು ಹಗಲು ಮೂರು ರಾತ್ರಿ ನಡೆದಿತ್ತು. ಹೊಳೆ ತುಂಬಿತ್ತು, ದೋಣಿ ಇರಲಿಲ್ಲ. ಮಗು ಉಳಿಯಲಿಲ್ಲ. ಆ ವಿಷಯವನ್ನು ಅವರು ನನ್ನೆದುರು ಆಡಿದ್ದು ನಲವತ್ತು ವರ್ಷಗಳಲ್ಲಿ ಒಂದೇ ಸಲ.

ಅತ್ತೆ ಬಹಳ ಹೊತ್ತು ಹುಡಿಯನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು, "ಆ ಪ್ಯಾರಿಸ್ಸಿನವಳು, ಮೊದಲು ಚಾಕು ಹಾಕಿಸಿಕೊಂಡವಳು, ಉಳಿದಳೇನೆ?"

"ಉಳಿದಳು ಅತ್ತೆ. ಆದರೆ ಮೂತ್ರ ಸೋರುವ ತೊಂದರೆ ಹೋಗಲಿಲ್ಲವಂತೆ. ನಡೆಯುವುದೂ ಕಷ್ಟವಾಗಿತ್ತಂತೆ."

"ಮಗು?"

"ಮಗುವೂ ಉಳಿಯಿತು."

ಅತ್ತೆ ಎದ್ದು ಸೀರೆಯ ಮೇಲಿನ ಹುಡಿ ಕೊಡವಿಕೊಂಡರು. "ಆ ಹುಡುಗನಿಗೆ ಮಜ್ಜಿಗೆ ಕೊಡು, ಬಿಸಿಲಲ್ಲಿದ್ದಾನೆ. ಮಿಷನ್ನನ್ನ ಒರೆಸಿ ಕೆಳಗೇ ಇಡಿ, ಅಟ್ಟಕ್ಕೆ ಹಾಕಬೇಡಿ" ಎಂದು ಒಳಗೆ ಹೋದರು.